ಉಸಿರು ಬಿಡಿ

ವಾರದ ಆರು ದಿನ ಕಂಕನಾಡಿಯ ನೆಲಮಾಳಿಗೆಯಲ್ಲಿ
ನಾನು ಹೇಳುವುದು ಮೂರೇ ಮಾತು:
ಉಸಿರು ಎಳೆಯಿರಿ. ಹಿಡಿಯಿರಿ. ಅಲ್ಲಾಡಬೇಡಿ.
ಕೆಂಪು ದೀಪ ಆರಿದ ಮೇಲೆ, ನೆನಪಾದರೆ, ನಾಲ್ಕನೆಯದು.

ಹತ್ತೊಂಬತ್ತು ವರ್ಷ ಜನರ ಒಳಗನ್ನೇ ತೆಗೆದವನು
ಹೊರಗನ್ನು ತೆಗೆಯಲು ಒಂದು ಹಳೆ ಕ್ಯಾಮೆರಾ ಕೊಂಡೆ,
ಮದುವೆ ಫೋಟೋ ಬಿಟ್ಟು ಕೋಳಿ ಅಂಗಡಿ ಇಟ್ಟ ಸ್ಟ್ಯಾನಿಯಿಂದ.
ಅದರ ಪಟ್ಟಿಯ ಮೇಲೆ ಯಾರದೋ ಅರಸಿನ ಇನ್ನೂ ಇತ್ತು.
ಅಭ್ಯಾಸಕ್ಕೆ ಒಂದು ತಿಂಗಳು ಒಪ್ಪಿದ್ದು
ನೆರೆಮನೆಯ ಫೆಲ್ಸಿಬಾಯಿಯ ಬೆಕ್ಕು ಮಾತ್ರ.
ಅಲ್ಲಾಡಬೇಡ ಎಂದರೆ ಕೇಳುವ ಜಾತಿಯಲ್ಲ ಅದು.
ಇನ್ನೂರು ಬಾಲಗಳಿವೆ ನನ್ನ ಬಳಿ.

ಐವಿ ಮೊಂತೇರೊ ಗಂಟೆಗೆ ನಾನೂರು ಕೇಳಿದಳು,
ದೋಣಿ ಖರ್ಚು ಬೇರೆ.
ಹಂಪನಕಟ್ಟೆಯ ಸೀರೆಯಂಗಡಿಯ ಫ್ಲೆಕ್ಸಿನಲ್ಲಿ
ಒಂದು ವರ್ಷ ನನ್ನ ಬಸ್ಸಿಗೆ ಕಾದು ನಿಂತವಳು
ಸುಲ್ತಾನ್ ಬತ್ತೇರಿಯ ಕಟ್ಟೆಯ ಮೇಲೆ
ಇಷ್ಟು ಗಿಡ್ಡ ಇದ್ದಾಳೆಂದು ಅಂದಾಜಿರಲಿಲ್ಲ.

ತಣ್ಣೀರುಬಾವಿ. ಹನ್ನೊಂದು ಗಂಟೆ.
ಬೆಳಕು ಬೇಕಾದಷ್ಟಿದೆ ಎಂದು ಖುಷಿಯಲ್ಲಿದ್ದೆ.
ಗಾಳಿಮರದಡಿ ನಿಲ್ಲಿಸಿದೆ, ನೆರಳೆಲ್ಲ ತೂತು,
ಮುಖಕ್ಕೆ ಸಿಡುಬು ಎದ್ದ ಹಾಗೆ.
ಬಯಲಿಗೆ ಕರೆದೆ.
ತೆಗೆದದ್ದನ್ನು ಅವಳು ಕೈಯಡ್ಡ ಹಿಡಿದು ನೋಡಿದಳು:
ನೆತ್ತಿಯ ಬಿಸಿಲು ಕಣ್ಣಿನ ಗೂಡುಗಳಲ್ಲಿ ಕಪ್ಪು ಸುರಿದಿತ್ತು,
ಕೆನ್ನೆಯ ಮೂಳೆಗೆ ಸುಣ್ಣ ಬಳಿದಿತ್ತು.
"ಎಂತ ಸರ್ ಇದು, ಇಲ್ಲಿಯೂ ನನ್ನ ತಲೆಬುರುಡೆಯೇ?"

ಮುಂದಿನ ಭಾನುವಾರ ಸಂಜೆ ಬಂದೆವು.
ದಕ್ಕೆಯಿಂದ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತಂದಿದ್ದೆ,
ಮೂರು ಸಲ ತೊಳೆದರೂ ಬಂಗುಡೆ ಬಿಟ್ಟಿರಲಿಲ್ಲ.
ಕಡಲೆ ಮಾರುವ ನೌಫಲ್ ಅದನ್ನು ಅವಳ ಗಲ್ಲದ ಕೆಳಗೆ ಹಿಡಿದ,
ಇಪ್ಪತ್ತು ರೂಪಾಯಿಗೆ, ಒಂದು ಕಣ್ಣು ಬುಟ್ಟಿಯ ಮೇಲಿಟ್ಟು.
ಮೀನಿನ ವಾಸನೆಯ ಬೆಳಕು ಅವಳ ಮುಖಕ್ಕೆ ಹತ್ತಿತು.
ಕಣ್ಣುಗಳು ಗೂಡಿನಿಂದ ಹೊರಗೆ ಬಂದವು.

"ಕೈ ಎಲ್ಲಿಡಲಿ?"

ಜನರ ಕೈಯನ್ನು ದಿನವೂ ನಾನೇ ಇಡುತ್ತೇನೆ, ನಿಜ,
ಆದರೆ ಅಲ್ಲಿ ನೋವು ಮೊದಲೇ ಜಾಗ ತೋರಿಸಿರುತ್ತದೆ.
ಬಾಯಿಗೆ ಬಂದದ್ದನ್ನು ಹೇಳಿದೆ:
ಕೈ ಸೊಂಟಕ್ಕೆ, ಅಂಗೈ ಹೊರಗೆ,
ಭುಜ ಮುಂದಕ್ಕೆ, ಗಲ್ಲ ಮೇಲೆ.
ಹಾಗೇ ನಿಂತಳು. "ಚೆಂದ ಉಂಟಲ್ಲ ಇದು, ಎಲ್ಲಿ ಕಲಿತದ್ದು?"
ಎದೆಯ ಎಕ್ಸ್‌ರೇಗೆ ಹೀಗೆಯೇ ನಿಲ್ಲಿಸುವುದು, ಎಂದೆ.

ನಕ್ಕಳು ಮಾರಾಯ್ರೆ,
ಬಗ್ಗಿ, ಮರಳಿಗೆ ಕೈಯೂರಿ,
ಗಾಳಿಮರದ ಕಾಗೆ ಎದ್ದು ಹೋಗುವಂತೆ.
ಅದೊಂದು ಸಿಕ್ಕಿದ್ದರೆ ಸಾಕಿತ್ತು ನನಗೆ.
ರಾತ್ರಿ ಮನೆಯಲ್ಲಿ ದೊಡ್ಡದು ಮಾಡಿ ನೋಡಿದರೆ
ಬಂದರಿಗೆ ಸರದಿ ಕಾಯುತ್ತಿದ್ದ ಹಡಗಿನ
ತುಕ್ಕು ಕೂಡ ಸ್ಪಷ್ಟ.
ಅದರೆದುರು ನಗುತ್ತಿದ್ದದ್ದು ಒಂದು ಹಳದಿ ಮಂಜು.

ಆದರೆ ಅದು ಆಮೇಲೆ. ಆಗ ಅವಳು ಎದ್ದು,
ಅಂಗೈ ಒರೆಸಿಕೊಳ್ಳುತ್ತ ಹೇಳಿದಳು:
"ನೀವು ಅದರೊಳಗೆ ಕಣ್ಣಿಟ್ಟು ಉಸಿರು ಕಟ್ಟಿ ನಿಲ್ತೀರಿ ಸರ್,
ನೋಡಿ ನೋಡಿ ನಂಗೂ ಕಟ್ಟುತ್ತದೆ."
ಕ್ಯಾಮೆರಾ ಇಳಿಸಿದೆ. ಉಸಿರು ಬಿಟ್ಟೆ.
ನೌಫಲನೂ ಬಿಟ್ಟ, ಯಾಕೋ.

ಕೊನೆಯ ದೋಣಿಗೆ ಕೂಗು ಬಿತ್ತು.
ಅವಳು ಒಂಟಿಕಾಲಲ್ಲಿ ನಿಂತು ಚಪ್ಪಲಿಯ ಮರಳು ಕೊಡವುತ್ತಿದ್ದಳು,
ನೌಫಲನ ಬುಟ್ಟಿಗೆ ಒಂದು ಬೆರಳು ಆನಿಸಿ.
ಒತ್ತಿದೆ. ಒಂದೇ ಸಲ.
ಕಾಲಿನ ಹರಡಿನ ಮೇಲೆ ಒದ್ದೆ ಬೆಳಕು.
ಅಲ್ಲಿ ಒಳಗೆ ಏಳು ಎಲುಬು, ಏಳಕ್ಕೂ ಹೆಸರುಂಟು,
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಆಗ ಒಂದೂ ನೆನಪಾಗಲಿಲ್ಲ.

ಎಲ್ಲವನ್ನೂ ಅವಳಿಗೆ ಕಳಿಸಿದೆ.
ಆರಿಸಿಕೊಂಡದ್ದು ಹಡಗಿನದ್ದನ್ನು.
ಅದರಲ್ಲಿ ಕಣ್ಣಿನ ಕೆಳಗಿನ ಕಪ್ಪು ಕಾಣುವುದಿಲ್ಲವಂತೆ.